ವೇರ್‌ಫೋರ್ ಅಂದರೆ ಎಲ್ಲಿ ಅಲ್ಲ ಮಾರಾಯ, ಯಾತಕ್ಕೆ!

ಗೆಳೆಯಾ,

ಮೊನ್ನೆ ನಾನು ಅರ್ಧ ಗಂಟೆ ತಡ ಮಾಡಿದಾಗ ನೀನು ಕಳಿಸಿದ ಮೆಸೇಜು ಇನ್ನೂ ನನ್ನ ಫೋನಿನಲ್ಲಿದೆ. 'ವೇರ್‌ಫೋರ್ ಆರ್ಟ್ ದೌ, ಮಹಾರಾಯ?' ಎಲ್ಲಿ ಹಾಳಾಗಿ ಹೋದೆ ಅನ್ನುವುದನ್ನು ಹಳೇ ಇಂಗ್ಲಿಷಿನಲ್ಲಿ ಸ್ಟೈಲಾಗಿ ಕೇಳಿದ್ದೆ. ನಾನೂ ಒಂದು ನಗುಮುಖ ಕಳಿಸಿ ಸುಮ್ಮನಾದೆ. ಆದರೆ ನೀನು ಕೇಳಿದ್ದು ಎಲ್ಲಿದ್ದೀಯ ಅಂತ ಅಲ್ಲ. ನೀನು ಯಾತಕ್ಕೆ ಇದ್ದೀಯ ಅಂತ! ಕಾಯಿಸಿದವನಿಗೆ ಆ ಪ್ರಶ್ನೆಯೂ ತಕ್ಕದ್ದೇ ಬಿಡು.

ನಿನ್ನನ್ನು ಆಡಿಕೊಳ್ಳುವ ಯೋಗ್ಯತೆ ನನಗೂ ಇಲ್ಲ. ಹೈಸ್ಕೂಲಿನಲ್ಲಿ ಶೇಕ್ಸ್‌ಪಿಯರನ 'ರೋಮಿಯೋ ಆ್ಯಂಡ್ ಜೂಲಿಯೆಟ್' ನಾಟಕದಿಂದ ಈ ಮಾತು ಬರುವ ದೃಶ್ಯ ಆಡಿದಾಗ, ಜೂಲಿಯೆಟ್ ಆಗಿದ್ದ ಹುಡುಗಿಗೆ 'ಹಣೆಗೆ ಕೈ ಅಡ್ಡ ಹಿಡಿದು ದೂರಕ್ಕೆ ನೋಡು, ರೋಮಿಯೋನನ್ನು ಹುಡುಕುವ ಹಾಗಿರಲಿ' ಅಂತ ಹೇಳಿಕೊಟ್ಟವನೇ ನಾನು. ಅವಳು ಪಾಪ ಹಾಗೇ ಮಾಡಿದಳು, ಜನ ಚಪ್ಪಾಳೆ ಹೊಡೆದರು, ಯಾರೂ ತಪ್ಪು ಅನ್ನಲಿಲ್ಲ.

ನಾಟಕದ ಎರಡನೇ ಅಂಕದ ಆ ಮಾತನ್ನು ಸರಿಯಾಗಿ ನೋಡು. 'ವೇರ್‌ಫೋರ್ ಆರ್ಟ್ ದೌ ರೋಮಿಯೋ?' ಅವನು ಎಲ್ಲಿದ್ದಾನೆ ಅನ್ನುವುದು ಅವಳ ಚಿಂತೆಯೇ ಅಲ್ಲ. ಅವನು ಕೆಳಗೆ ತೋಟದಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಾನೆ ಅನ್ನುವುದೂ ಅವಳಿಗೆ ಗೊತ್ತಿಲ್ಲ. ಅವಳ ಸಂಕಟ ಬೇರೆ. ನೀನು ಯಾತಕ್ಕೆ ರೋಮಿಯೋ ಆದೆ? ನಮ್ಮ ಮನೆಗೆ ಆಗದವರ ಮನೆಯಲ್ಲೇ ಯಾತಕ್ಕೆ ಹುಟ್ಟಿದೆ? ಹಾಗಾಗಿಯೇ ಮುಂದಿನ ಸಾಲಿನಲ್ಲಿ ಅಪ್ಪನನ್ನು ಬಿಡು, ಹೆಸರನ್ನು ಬಿಡು ಅನ್ನುತ್ತಾಳೆ. ಅದಾದ ಸ್ವಲ್ಪ ಹೊತ್ತಿಗೆ, ಹೆಸರಿನಲ್ಲೇನಿದೆ, ಗುಲಾಬಿಗೆ ಬೇರೆ ಹೆಸರಿಟ್ಟರೂ ಪರಿಮಳ ಅದೇ ಅನ್ನುವ ಆ ಮಾತು ಬರುತ್ತದೆ. ಎಲ್ಲಿದ್ದೀಯ ಅಂತ ಕೇಳಿ ತಕ್ಷಣ ಹೆಸರು ಬದಲಾಯಿಸಿಕೋ ಅಂದರೆ ಎತ್ತಣಿಂದೆತ್ತ ಸಂಬಂಧ, ಅಲ್ವಾ? ರೋಮಿಯೋ ಅನ್ನುವುದಕ್ಕೆ ಮೊದಲು ಅಲ್ಪವಿರಾಮವೂ ಇರಬಾರದು. ಅಲ್ಲಿ ಒಂದು ಕಾಮಾ ಹಾಕಿದರೆ ಅವನನ್ನು ಕೂಗಿ ಕರೆದ ಹಾಗಾಗುತ್ತದೆ, ಅವಳು ಕರೆಯುತ್ತಿಲ್ಲವಲ್ಲ. ಒತ್ತು ಬೀಳಬೇಕಾದ್ದು ಹೆಸರಿನ ಮೇಲೆ. ದೌ ಅನ್ನುವುದು ನಮ್ಮ 'ನೀನು'. ಇಂಗ್ಲಿಷಿನವರು ಅದನ್ನು ಕಳೆದುಕೊಂಡು ಎಲ್ಲರಿಗೂ 'ನೀವು' ಅನ್ನುವ ಹಾಗಾಯಿತು. ಆ ಕಥೆ ಇನ್ನೊಂದು ಪತ್ರಕ್ಕೆ.

ಎಲ್ಲರೂ ಎಡವುವುದು ಆ 'ವೇರ್' ಇರುವುದರಿಂದ. ಆದರೆ ಇಂಥ ಜೋಡುಪದಗಳಲ್ಲಿ ವೇರ್ ಅಂದರೆ ಜಾಗವಲ್ಲ, 'ಯಾವುದು' ಅಂತ. ವೇರ್‌ಬೈ ಅಂದರೆ ಯಾವುದರಿಂದ. ಹಾಗೆಯೇ ವೇರ್‌ಫೋರ್ ಅಂದರೆ ಯಾವುದಕ್ಕಾಗಿ, ಅಂದರೆ ಯಾತಕ್ಕೆ. ನನಗೆ ಖುಷಿ ಕೊಟ್ಟದ್ದು ಇದೇ. ಈ ಪದಕ್ಕೆ ಇಂಗ್ಲಿಷಿನಲ್ಲಿ ವೈ, ಹೌ ಕಮ್, ವಾಟ್ ಫಾರ್ ಅಂತ ಏನೇನೋ ಸಮಾನಪದ ಹುಡುಕುತ್ತೇವೆ, ಆದರೆ ಅದರ ಅಚ್ಚು ಜೋಡಿ ನಮ್ಮ ಬಾಯಲ್ಲೇ ಇದೆ. ಯಾತಕ್ಕೆ ಅನ್ನುವುದರ ಕೊನೆಯ 'ಕ್ಕೆ'ಯೇ ಅವರ 'ಫೋರ್'. ಜೊತೆಗೆ ಅದಕ್ಕೆ ಅನ್ನುವುದನ್ನೂ ಇಟ್ಟು ನೋಡು. ಯಾತಕ್ಕೆ ಬರಲಿಲ್ಲ? ಜ್ವರ ಬಂದಿತ್ತು, ಅದಕ್ಕೇ ಬರಲಿಲ್ಲ. ವೇರ್‌ಫೋರ್ ಪ್ರಶ್ನೆ, ದೇರ್‌ಫೋರ್ ಉತ್ತರ. ಇಂಗ್ಲಿಷಿನಲ್ಲಿ ಉತ್ತರ ಮಾತ್ರ ಬದುಕಿದೆ, ಪ್ರಶ್ನೆ ಅಟ್ಟಕ್ಕೆ ಹೋಯಿತು. ನಾವು ಎರಡನ್ನೂ ದಿನಾ ಬಳಸುತ್ತೇವೆ. ಜರ್ಮನ್ನರೂ ಅಷ್ಟೇ, ಅವರಿಗೆ ವೋಫ್ಯೂರ್, ದಾಫ್ಯೂರ್ ಎರಡೂ ಮಾಮೂಲಿ ಮಾತು.

ಇದೊಂದೇ ಅಲ್ಲ, ಇಡೀ ಸಂಸಾರವೇ ಹಾಗಿದೆ. ಹಿದರ್, ದಿದರ್, ವಿದರ್ ಅಂದರೆ ಇತ್ತ, ಅತ್ತ, ಎತ್ತ. ಹೆನ್ಸ್, ದೆನ್ಸ್, ವೆನ್ಸ್ ಅಂದರೆ ಇಲ್ಲಿಂದ, ಅಲ್ಲಿಂದ, ಎಲ್ಲಿಂದ. ನಮ್ಮ ಇ-ಅ-ಎ ಹೇಗೋ ಹಾಗೆ. ವೆನ್ಸ್‌ನಲ್ಲೇ 'ಇಂದ' ಸೇರಿರುವಾಗ ಫ್ರಮ್ ವೆನ್ಸ್ ಅನ್ನುವುದು 'ಎಲ್ಲಿಂದದಿಂದ' ಅಂದ ಹಾಗೆ ಅಂತ ಮೂಗು ಮುರಿಯುವವರಿದ್ದಾರೆ. 1611ರ ಕಿಂಗ್ ಜೇಮ್ಸ್ ಬೈಬಲಿನ 121ನೇ ಕೀರ್ತನೆಯಲ್ಲೇ ಫ್ರಮ್ ವೆನ್ಸ್ ಇದೆ, ಹಾಗಾಗಿ ನಾನಂತೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಅದೇ ಬೈಬಲಿನಲ್ಲಿ ಇನ್ನೊಂದು ತಿರುವಿದೆ. ಮತ್ತಾಯನ 7ನೇ ಅಧ್ಯಾಯದಲ್ಲಿ, ಹಣ್ಣಿನಿಂದ ಮರವನ್ನು ಗುರುತಿಸುವ ಮಾತು ಬರುತ್ತದಲ್ಲ, ಅಲ್ಲಿ ವೇರ್‌ಫೋರ್ ಪ್ರಶ್ನೆಯೇ ಅಲ್ಲ, 'ಆದ್ದರಿಂದ' ಅಂತ ಅರ್ಥ. ಹಳೇ ಬರಹ ಓದುವಾಗ ವಾಕ್ಯದ ಕೊನೆಗೆ ಪ್ರಶ್ನೆಚಿಹ್ನೆ ಇದೆಯಾ ಅಂತ ಒಮ್ಮೆ ನೋಡಿಕೋ. ಕೆಲವು ಕೋರ್ಟು ಅರ್ಜಿಗಳಲ್ಲಿ ಈ 'ಆದ್ದರಿಂದ' ಇನ್ನೂ ಉಳಿದಿದೆ, ಕೊನೆಗೆ ಆದ್ದರಿಂದ ಪ್ರಾರ್ಥಿಸುತ್ತೇನೆ ಅನ್ನುವ ಕಡೆ. ಕಾನೂನಿನವರು ಹಳೇ ಪದ ಅಷ್ಟು ಸುಲಭಕ್ಕೆ ಬಿಡುವವರಲ್ಲ.

ವೈ ಅನ್ನುವುದೂ ಮೂಲದಲ್ಲಿ ವಾಟ್‌ನ ಒಂದು ವಿಭಕ್ತಿರೂಪವೇ. ಹಳೇ ಇಂಗ್ಲಿಷಿನಲ್ಲಿ ಅದು ತೃತೀಯೆ, ಅಂದರೆ 'ಯಾತರಿಂದ'. ಹಾಗೆ ನೋಡಿದರೆ ವೈ ಕಾರಣವನ್ನು, ವೇರ್‌ಫೋರ್ ಉದ್ದೇಶವನ್ನು ಕೇಳಬೇಕು. ಬಳಕೆಯಲ್ಲಿ ಆ ಗೆರೆ ಯಾವತ್ತೂ ಗಟ್ಟಿ ನಿಂತಿಲ್ಲ. ಶೇಕ್ಸ್‌ಪಿಯರನದೇ ಇನ್ನೊಂದು ನಾಟಕ, ಅವಳಿ-ಜವಳಿಗಳ ಗೊಂದಲದ್ದು. ಅದರಲ್ಲಿ ಏಟು ತಿಂದ ಆಳು 'ಪ್ರತಿ ವೈಗೂ ಒಂದು ವೇರ್‌ಫೋರ್ ಇರುತ್ತದಂತೆ' ಅನ್ನುತ್ತಾನೆ. ಅಲ್ಲಿ ವೈ ಅಂದರೆ ಪ್ರಶ್ನೆ, ವೇರ್‌ಫೋರ್ ಅಂದರೆ ಅದರ ಹಿಂದಿನ ಕಾರಣ. ಪ್ರಶ್ನಾರ್ಥಕ ಪದ ನಾಮಪದವಾಗಿ ಕೂತುಬಿಟ್ಟಿದೆ ನೋಡು.

ಈಗ ನಿನ್ನ ಆಫೀಸು ಪ್ರಶ್ನೆ. ಮೇಲ್‌ನಲ್ಲಿ ಬಳಸಬಹುದಾ ಅಂತ ಕೇಳಿದ್ದೆಯಲ್ಲ? ಬೇಡ. ಬಾಸ್‌ಗೆ ವೇರ್‌ಫೋರ್ ಅಂತ ಬರೆದರೆ ನಾಟಕ ಕಂಪನಿಯಿಂದ ಬಂದವನು ಅಂದುಕೊಳ್ಳುತ್ತಾರೆ. ವೈ ಸಾಕು, ದೇರ್‌ಫೋರ್ ಕೂಡ ಧಾರಾಳವಾಗಿ ನಡೆಯುತ್ತದೆ. ಆದರೆ 'ದ ವೈಸ್ ಆ್ಯಂಡ್ ವೇರ್‌ಫೋರ್ಸ್' ಅನ್ನುವ ಮಾತು ಇವತ್ತಿಗೂ ಜೀವಂತವಾಗಿದೆ, ಅದನ್ನು ಬೇಕಾದರೆ ಹಾಕು. ಯಾವುದೋ ಸಂಗತಿಯ ಹಿಂದಿನ ಕಾರಣಗಳೆಲ್ಲ ಅಂತ ಅರ್ಥ. ಅದಕ್ಕೆ ಕನ್ನಡದಲ್ಲಿ ಏನನ್ನಬೇಕು ಅಂತ ಎರಡು ದಿನ ಯೋಚಿಸಿದೆ. ಆಮೇಲೆ ಪಕ್ಕದಲ್ಲಿ ಯಾರೋ 'ಏನು ಎತ್ತ ಅಂತ ವಿಚಾರಿಸದೆ ಹೂಂ ಅಂದುಬಿಟ್ಟೆಯಾ?' ಅಂತ ಬೈಯುತ್ತಿದ್ದರು. ಸಿಕ್ಕಿತಲ್ಲ! ಏನು ಎತ್ತ. ಅದರಲ್ಲಿ ವಿದರ್ ಬೇರೆ ಪುಕ್ಕಟೆ.

ಮೊನ್ನೆ ತಡವಾದದ್ದಕ್ಕೂ ಒಂದು ವೇರ್‌ಫೋರ್ ಇದೆ. ಅದನ್ನು ಬರೆಯಲಾಗುವುದಿಲ್ಲ, ಸಿಕ್ಕಾಗ ಹೇಳುತ್ತೇನೆ.

ನಿನ್ನ
ಲೇಟ್ ಲತೀಫ್