ಒಂಬತ್ತನೇ ತರಗತಿಯ ಓದಿನ ಪುಸ್ತಕದ ಕುರಿತು

ಮಾನ್ಯ ಪೋಷಕರೇ,

ಸಪ್ರೇಮ ನಮಸ್ಕಾರಗಳು. ಗ್ರಂಥಾಲಯದ ಅವಧಿಯಲ್ಲಿ ಒಂಬತ್ತನೇ ತರಗತಿಯ ಮಕ್ಕಳು ಓದುತ್ತಿರುವ ಕಾದಂಬರಿಯನ್ನು ಹಿಂಪಡೆಯಬೇಕೆಂದು ನಿಮ್ಮಲ್ಲಿ ಕೆಲವರು ಬರೆದ ಪತ್ರ ಕೈಸೇರಿದೆ. ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ದಣಿದು ಮನೆ ಸೇರಿದ ಮೇಲೂ ಮಕ್ಕಳು ಏನು ಓದುತ್ತಿದ್ದಾರೆಂದು ನೋಡುವ ನಿಮ್ಮ ಕಾಳಜಿಗೆ ನಾನು ಕೃತಜ್ಞಳು.

ಕಾದಂಬರಿಯ ನಾಯಕಿ, ವೀಲ್‌ಚೇರಿನಲ್ಲಿ ಓಡಾಡುವ ಹದಿನೈದು ವರ್ಷದ ಹುಡುಗಿ, ತಾಯಿಗೆ ಸುಳ್ಳು ಹೇಳಿ ಗೆಳತಿಯರೊಡನೆ ಸಮುದ್ರತೀರಕ್ಕೆ ಹೋಗುತ್ತಾಳೆ, ಸಿಡುಕುತ್ತಾಳೆ, ತರಗತಿಯ ಹುಡುಗನೊಬ್ಬನನ್ನು ಮೆಚ್ಚುತ್ತಾಳೆ. ಅಂಥವಳನ್ನು ಸಹನೆಯ ಮಾದರಿಯಾಗಿ ತೋರಿಸಬೇಕಿತ್ತು ಎಂಬುದು ನಿಮ್ಮ ಆಕ್ಷೇಪ. ಅದನ್ನು ನಾನು ಹಗುರಾಗಿ ಕಂಡಿಲ್ಲ, ಆದರೆ ಒಪ್ಪಲಾರೆ. ಹಳೆಯ ಕಥೆಗಳಲ್ಲಿ ಇಂಥ ಮಕ್ಕಳು ಎಲ್ಲರ ಕನಿಕರಕ್ಕೆ ಒಳಗಾಗಬೇಕಿತ್ತು, ಇಲ್ಲವೇ ಕೊನೆಯಲ್ಲಿ ಗುಣವಾಗಬೇಕಿತ್ತು. ‘ಹೈಡಿ’ ಎಂಬ ಮಕ್ಕಳ ಕಾದಂಬರಿಯ 1881ರಲ್ಲಿ ಬಂದ ಎರಡನೇ ಭಾಗದಲ್ಲಿ ಕ್ಲಾರಾ ಬೆಟ್ಟದ ಮೇಲೆ ನಡೆಯತೊಡಗುತ್ತಾಳೆ; 1911ರ ‘ದ ಸೀಕ್ರೆಟ್ ಗಾರ್ಡನ್’ನಲ್ಲಿ ಕಾಲಿನ್ ತೋಟದಲ್ಲಿ ಎದ್ದು ನಿಲ್ಲುತ್ತಾನೆ. ನಾನೂ ಅವನ್ನು ಪ್ರೀತಿಯಿಂದ ಓದಿದವಳೇ. ಆದರೆ ಜೀವನವಿಡೀ ವೀಲ್‌ಚೇರಿನಲ್ಲೇ ಇರುವ, ಹಾಗಿದ್ದೂ ನಗುವ, ಜಗಳವಾಡುವ ಮಗು ಅವುಗಳಲ್ಲಿ ತನ್ನನ್ನು ಎಲ್ಲಿ ಹುಡುಕಿಕೊಳ್ಳಬೇಕು? ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿ, ಆ ಮಕ್ಕಳೂ ಉಳಿದವರ ಜೊತೆಯಲ್ಲೇ ಕಲಿಯಬೇಕೆನ್ನುತ್ತದೆ. ಜೊತೆಗೆ ಕೂರುವವರು ಪರಸ್ಪರರನ್ನು ಅರಿಯಬೇಡವೇ?

ಕಾದಂಬರಿಯ ಒಂದು ಪುಟದಲ್ಲಿ ಗೆಳತಿಯೊಬ್ಬಳು ಒಳ್ಳೆಯ ಮನಸ್ಸಿನಿಂದಲೇ, ಕೇಳದೆ, ಹಿಂದಿನಿಂದ ಕುರ್ಚಿಯನ್ನು ತಳ್ಳುತ್ತಾಳೆ. ಹುಡುಗಿ ಎರಡೂ ಚಕ್ರಗಳನ್ನು ಕೈಯಿಂದ ಬಿಗಿಹಿಡಿದು ನಿಲ್ಲಿಸಿ, ‘ನನ್ನನ್ನು ಕೇಳು’ ಎಂದು ಸಿಟ್ಟಾಗುತ್ತಾಳೆ. ಅದನ್ನು ಓದಿದ ದಿನ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು, ‘ಹಾಗಾದರೆ ಸಹಾಯ ಮಾಡುವ ಮೊದಲೂ ಕೇಳಬೇಕಾ, ಟೀಚರ್?’ ಎಂದ. ಗಂಟೆ ಬಾರಿಸಿದ ಮೇಲೂ ಮಕ್ಕಳು ಮಾತು ನಿಲ್ಲಿಸಲಿಲ್ಲ. ಆಕೆ ಸದಾ ನಗುವ ದೇವತೆಯಾಗಿದ್ದರೆ ಈ ಪ್ರಶ್ನೆ ಹುಟ್ಟುತ್ತಿರಲಿಲ್ಲ.

ಸುಳ್ಳನ್ನು ಶಾಲೆ ಸಮರ್ಥಿಸುತ್ತಿಲ್ಲ; ಇದನ್ನು ಸ್ಪಷ್ಟಪಡಿಸುತ್ತೇನೆ. ತಾಯಿಗೆ ವಿಷಯ ತಿಳಿದ ರಾತ್ರಿ ಇಬ್ಬರೂ ಊಟ ಬಿಟ್ಟು ಅಡುಗೆಮನೆಯಲ್ಲಿ ಕೂತಿರುವ ಅಧ್ಯಾಯವನ್ನು ಓದಿದವರಿಗೆ, ಲೇಖಕರೂ ಅದನ್ನು ಸಮರ್ಥಿಸಿಲ್ಲವೆಂದು ತಿಳಿಯುತ್ತದೆ. ನಮ್ಮ ನಿಮ್ಮ ಮನೆಯ ಹದಿಹರೆಯದವರು ತಪ್ಪುತ್ತಾರೆ, ತಿದ್ದಿಕೊಳ್ಳುತ್ತಾರೆ. ಕಾಲಿಗೆ ಬಲವಿಲ್ಲವೆಂದ ಮಾತ್ರಕ್ಕೆ ಆ ಹಕ್ಕನ್ನು ಇವಳಿಂದ ಕಿತ್ತುಕೊಳ್ಳುವುದು ನನಗೆ ನ್ಯಾಯವೆನಿಸುವುದಿಲ್ಲ. ನಿಮ್ಮ ಆತಂಕ ಪ್ರೀತಿಯಿಂದಲೇ ಹುಟ್ಟಿದ್ದೆಂದು ಬಲ್ಲೆ. ಆದರೂ ಪುಸ್ತಕ ತರಗತಿಯಲ್ಲಿ ಮುಂದುವರಿಯುತ್ತದೆ.

ದಯವಿಟ್ಟು ಒಮ್ಮೆ ಪೂರ್ತಿ ಓದಿ, ಆಮೇಲೆ ಬಂದು ನನ್ನೊಡನೆ ಮಾತನಾಡಿ, ಪ್ರತಿಗಳು ಕಚೇರಿಯಲ್ಲಿವೆ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ
ಕನ್ನಡ ಮಾಧ್ಯಮ ಪ್ರೌಢಶಾಲೆ, ಮುಂಬಯಿ