ರಿಯಾಯಿತಿ ಇಳಿಕೆ, ಕವಿಗೋಷ್ಠಿ ಭಾನುವಾರ ಬೆಳಿಗ್ಗೆ: ನಮ್ಮ ಗ್ರಾಹಕರಿಗೆ ಪತ್ರ

ಪ್ರೀತಿಯ ಓದುಗರಿಗೆ, ನಮ್ಮ ಪುಸ್ತಕ ಸಹಕಾರಿಯ ಸದಸ್ಯರಿಗೆ,

ಕಲಬುರಗಿಯಿಂದ ನಮಸ್ಕಾರ.

ದುಡ್ಡಿನ ವಿಷಯ ಮೊದಲು ಹೇಳಿಬಿಡುತ್ತೇವೆ. ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಕಥೆ, ಕವಿತೆ, ಕಾದಂಬರಿ, ವಿಮರ್ಶೆ ಪುಸ್ತಕಗಳ ಮೇಲೆ ಸದಸ್ಯರಿಗೆ ಸಿಗುತ್ತಿದ್ದ ನೂರಕ್ಕೆ 20ರ ರಿಯಾಯಿತಿ 10ಕ್ಕೆ ಇಳಿಯುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಿಗೆ ಹಳೆಯ ದರವೇ. ಕೆಪಿಎಸ್‌ಸಿ, ಪಿಎಸ್‌ಐ, ಪಿಡಿಒ ಅಂತ ಇಲ್ಲಿ ರೂಮು ಮಾಡಿಕೊಂಡು ಓದುತ್ತಿರುವ ಹುಡುಗ ಹುಡುಗಿಯರ ಮೇಲೆ ಒಂದು ರೂಪಾಯಿಯೂ ಹೆಚ್ಚಿಗೆ ಬೀಳಬಾರದು ಅಂತ ಸರ್ವಸದಸ್ಯರ ಸಭೆಯಲ್ಲಿ ಎಲ್ಲರೂ ಹೇಳಿದರು. ನಿಜ ಹೇಳಬೇಕೆಂದರೆ ಮಳಿಗೆಯ ಬಾಡಿಗೆ ಹುಟ್ಟುವುದೂ ಅವರು ಕೊಳ್ಳುವ ಪುಸ್ತಕಗಳಿಂದಲೇ.

ಹೀಗೆ ಉಳಿಯುವ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ನೀವು ಕೇಳಲೇಬೇಕು. ಪೂರ್ತಿ ನಮ್ಮ ತಿಂಗಳ ಕವಿಗೋಷ್ಠಿಗೆ ಮತ್ತು ನಮ್ಮ ಭಾಗದ ಬರಹಗಾರರಿಗೆ ಹೋಗುತ್ತದೆ. ಅದು ಹೇಗೆ, ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಬರೆದಿದ್ದೇವೆ. ಬಿಡುವು ಮಾಡಿಕೊಂಡು ಓದಿ.

ಗೋಷ್ಠಿ ಇಷ್ಟು ದಿನ ಎರಡನೇ ಶನಿವಾರ ಸಂಜೆ ಆರಕ್ಕೆ ನಡೆಯುತ್ತಿತ್ತು. ಕಲಬುರಗಿ ಊರೊಳಗೆ ಇರುವವರಿಗೆ ಅದು ಒಳ್ಳೆಯ ಹೊತ್ತು. ಬಿಸಿಲು ಇಳಿದಿರುತ್ತದೆ, ಕೆಲಸ ಮುಗಿದಿರುತ್ತದೆ. ಆದರೆ ಬರೆಯುವವರು ಊರೊಳಗೆ ಮಾತ್ರ ಇದ್ದಾರಾ? ಆಳಂದ, ಅಫಜಲಪುರ, ಜೇವರ್ಗಿ, ಯಡ್ರಾಮಿ, ಚಿತ್ತಾಪುರ, ಸೇಡಂ, ಚಿಂಚೋಳಿ, ಕಾಳಗಿ ಕಡೆಯಿಂದ ಬರುವವರೇ ಈಗ ಜಾಸ್ತಿ. ರಾತ್ರಿ ತಾಲ್ಲೂಕು ಊರಿನ ತನಕ ಹೇಗೋ ಬಸ್ಸು ಸಿಗುತ್ತದೆ, ಅಲ್ಲಿಂದ ಹಳ್ಳಿಗೆ ಏನೂ ಇರುವುದಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿನ ಚಿಂತೆ ತಪ್ಪಿತು, ನಮ್ಮಲ್ಲಿಗೆ ಬರುವ ಕವಯಿತ್ರಿಯರೂ ಹೆಚ್ಚಾದರು. ಆದರೆ ಟಿಕೆಟ್ ಉಚಿತ ಆದರೂ ಬಸ್ಸು ಇರಬೇಕಲ್ವಾ?

ಇತ್ತೀಚಿನ ಒಂದು ಗೋಷ್ಠಿಗೆ ಚಿಂಚೋಳಿ ಕಡೆಯ ಅಂಗನವಾಡಿ ಕಾರ್ಯಕರ್ತೆಯೊಬ್ಬರು ಬಂದಿದ್ದರು. ನೋಟ್‌ಬುಕ್ಕಿನ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕೈಯಲ್ಲಿ ಹಿಡಿದುಕೊಂಡು ಹಿಂದಿನ ಸಾಲಿನಲ್ಲಿ ಕೂತಿದ್ದರು. ಸ್ವಾಗತ ಆಯಿತು, ಪ್ರಾಸ್ತಾವಿಕ ಆಯಿತು, ಉದ್ಘಾಟನೆ, ಅತಿಥಿಗಳ ಮಾತು, ಸನ್ಮಾನ, ಎಲ್ಲ ಆಯಿತು. ಅವರು ಮತ್ತೆ ಮತ್ತೆ ಮೊಬೈಲಿನಲ್ಲಿ ಟೈಮ್ ನೋಡುತ್ತಿದ್ದರು. ಕವಿಗಳ ಸರದಿ ಶುರುವಾಗುವ ಹೊತ್ತಿಗೆ ಎದ್ದು ನಿಂತರು. ಪಕ್ಕದವರ ಕೈಗೆ ಹಾಳೆ ಕೊಟ್ಟು, "ನೀವೇ ಓದ್ರಿ ಅಕ್ಕಾ, ನನ್ನ ಬಸ್ ತಪ್ತದ" ಅಂತ ಹೇಳಿ ಹೊರಟೇಬಿಟ್ಟರು. ಪಕ್ಕದವರು ಓದಿದರು. ತೊಗರಿ ರಾಶಿ ಮಾಡುವಾಗ ಕಣದಲ್ಲಿ ಮಗುವಿನ ಕಣ್ಣಿಗೆ ಹೊಟ್ಟು ಬೀಳುತ್ತದೆ, ತಾಯಿ ಸೆರಗಿನ ತುದಿಯನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿಕೊಂಡು ಒರೆಸುತ್ತಾಳೆ, ಒರೆಸುತ್ತಲೇ ಆ ಕಡೆ ಕರೆದವರಿಗೆ "ಬಂದೆ" ಅನ್ನುತ್ತಾಳೆ. ಅಷ್ಟೇ ಕವಿತೆ. ಓದಿ ಮುಗಿಸಿದಾಗ ಜೋರು ಚಪ್ಪಾಳೆ ಬಿತ್ತು. ಬರೆದವರು ಆಗ ಬಸ್ ಸ್ಟ್ಯಾಂಡಿನಲ್ಲಿದ್ದರು.

ಇನ್ಮುಂದೆ ಗೋಷ್ಠಿ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಶುರುವಾಗಿ ಮಧ್ಯಾಹ್ನ ಒಂದೂವರೆಗೆ ಮುಗಿಯುತ್ತದೆ. ಊಟ ಮಾಡಿ ಹೊರಟರೂ ಹೊತ್ತು ಮುಳುಗುವುದರೊಳಗೆ ಊರು ಸೇರಬಹುದು. ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಒಂಬತ್ತಕ್ಕೇ ಶುರು. ಆ ಎರಡು ತಿಂಗಳು ನಮ್ಮ ಭಾಗದಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ ಎಂಟರಿಂದ ಒಂದೂವರೆ ತನಕ ನಡೆಯುತ್ತವೆ. ಬಿಸಿಲು 42 ಡಿಗ್ರಿ ದಾಟಿದ ಮೇಲೆ ಯಾರನ್ನೂ ರಸ್ತೆಗೆ ಕರೆಯುವುದು ಸರಿಯಲ್ಲ. ಗೋಷ್ಠಿಯ ಭಾನುವಾರ ಮಳಿಗೆ ತೆರೆದಿರುತ್ತದೆ, ಅದರ ಮರುದಿನ ಸೋಮವಾರ ರಜೆ.

ಗೋಷ್ಠಿಯ ರೀತಿಯೂ ಬದಲಾಗುತ್ತದೆ. ವೇದಿಕೆ ಇರುವುದಿಲ್ಲ, ಎಲ್ಲರೂ ಸುತ್ತ ಕೂರುತ್ತೇವೆ. ಉದ್ಘಾಟನೆ, ಶಾಲು, ಹಾರ, ನೆನಪಿನ ಕಾಣಿಕೆ ಯಾವುದೂ ಇಲ್ಲ. ಒಂದು ಗೋಷ್ಠಿಗೆ ಹತ್ತೇ ಜನ ಓದುವವರು, ಅವರಲ್ಲಿ ಅರ್ಧದಷ್ಟು ಜನ ಮೊದಲ ಸಲ ಓದುವವರೇ ಆಗಿರಬೇಕು. ಮೂವತ್ತು ನಲವತ್ತು ಕವಿಗಳನ್ನು ಸಾಲಾಗಿ ಕೂರಿಸಿ, ಒಬ್ಬೊಬ್ಬರಿಗೆ ಮೂರು ನಿಮಿಷ ಕೊಟ್ಟು, "ಬೇಗ ಮುಗಿಸಿ" ಅಂತ ಚೀಟಿ ಕಳಿಸುವ ಗೋಷ್ಠಿಗಳನ್ನು ನೀವೂ ನೋಡಿದ್ದೀರಿ. ಅಲ್ಲಿ ಓದಿದವರ ಹೆಸರು ಮರುದಿನ ಪೇಪರಿನಲ್ಲಿ ಬರುತ್ತದೆ, ಕವಿತೆ ಯಾರಿಗೂ ನೆನಪಿರುವುದಿಲ್ಲ. ನಮ್ಮಲ್ಲಿ ಒಬ್ಬರು ಎರಡು ಕವಿತೆ ಓದುತ್ತಾರೆ. ಆಮೇಲೆ ಕೂತವರು ಅದರ ಬಗ್ಗೆ ಮಾತಾಡುತ್ತಾರೆ. ಯಾವ ಸಾಲು ಹಿಡಿಸಿತು, ಎಲ್ಲಿ ಎಳೆದ ಹಾಗಾಯಿತು ಅಂತ ಎದುರಿಗೇ ಹೇಳಬೇಕು. ಹೊಸಬರಿಗೆ ಎಲ್ಲಕ್ಕಿಂತ ಬೇಕಾದದ್ದು ಇದೇ, ಮತ್ತು ಸಿಗದೇ ಇರುವುದೂ ಇದೇ.

ಓದುವ ಪ್ರತಿಯೊಬ್ಬರಿಗೂ 300 ರೂಪಾಯಿ ಗೌರವಧನ ಕೊಡುತ್ತೇವೆ. ಹೊರಗಿನಿಂದ ಬಂದವರಿಗೆ ಟಿಕೆಟ್ ನೋಡಿ ಬಸ್ ಚಾರ್ಜು ಬೇರೆ. ದೊಡ್ಡ ಮೊತ್ತ ಅಲ್ಲ, ನಮಗೂ ಗೊತ್ತು. ಆದರೆ ಮೈಕಿನವರಿಗೆ ದುಡ್ಡು, ಶಾಮಿಯಾನದವರಿಗೆ ದುಡ್ಡು, ಹಾರದ ಅಂಗಡಿಗೆ ದುಡ್ಡು, ಕವಿಗೆ ಮಾತ್ರ ಒಂದು ಪ್ರಮಾಣಪತ್ರ ಅನ್ನುವ ಪದ್ಧತಿ ನಮ್ಮ ಮಳಿಗೆಯಲ್ಲಿ ಇರಬಾರದು. ಕೆಲವು ಕಡೆ ಕವಿಗಳಿಂದಲೇ ಶುಲ್ಕ ತೆಗೆದುಕೊಳ್ಳುತ್ತಾರೆ. ಕೂಲಿ ಬಿಟ್ಟು, ರಜೆ ಹಾಕಿ ಬಂದವರ ಹತ್ತಿರ ದುಡ್ಡು ಕೇಳುವುದಕ್ಕೆ ಮನಸ್ಸಾದರೂ ಹೇಗೆ ಬರುತ್ತದೆ?

ಭಾಷೆಯ ಬಗ್ಗೆ ತುಂಬ ಜನ ಕೇಳುತ್ತಾರೆ, "ನಮ್ಮ ಕಡೀ ಮಾತಿನ್ಯಾಗ ಬರದ್ರ ನಡೀತದೇನ್ರಿ?" ಅಂತ. ನಡೆಯುತ್ತದೆ, ಚೆನ್ನಾಗಿ ನಡೆಯುತ್ತದೆ. ಈ ನೆಲದ ಮಾತಿನಲ್ಲೇ ಬರೆದವರು ಗೀತಾ ನಾಗಭೂಷಣ. ಅವರ 'ಬದುಕು' ಕಾದಂಬರಿಗೆ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, 2010ರಲ್ಲಿ ಗದಗಿನ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾದರು. ಉರ್ದು, ದಖನಿ, ಲಂಬಾಣಿಯಲ್ಲಿ ಬರೆಯುವವರೂ ಬನ್ನಿ, ಆಳಂದದ ಗಡಿಯ ಮರಾಠಿಯವರು, ಸೇಡಂ ಗಡಿಯ ತೆಲುಗಿನವರೂ ಬನ್ನಿ, ಅರ್ಥವನ್ನು ಕನ್ನಡದಲ್ಲಿ ನಾಲ್ಕು ಮಾತು ಹೇಳಿದರೆ ಸಾಕು. ಹಾಡುವವರಿಗೂ ಜಾಗ ಇದೆ. ಕಡಕೋಳ ಮಡಿವಾಳಪ್ಪನವರ ತತ್ವಪದಗಳು ಜನರ ಬಾಯಲ್ಲಿ ಉಳಿದದ್ದು ಭಜನೆ ಮಾಡುವವರಿಂದ. ಏಕತಾರಿ ಹಿಡಿದು ಬರುವವರನ್ನು ಕವಿಗೋಷ್ಠಿಯಿಂದ ಹೊರಗೆ ಇಡುವುದು ನಮಗೆ ಯಾವತ್ತೂ ಸರಿ ಅನ್ನಿಸಿಲ್ಲ.

ಒಂದು ತಿಂಗಳು ಮಳಿಗೆಯಲ್ಲಿ, ಮುಂದಿನ ತಿಂಗಳು ಯಾವುದಾದರೂ ತಾಲ್ಲೂಕಿನಲ್ಲಿ. ಹೊರಗಿನ ಮೊದಲ ಗೋಷ್ಠಿ ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಮಾಡಬೇಕು ಅಂತ ಇದೆ. ಒಂಬತ್ತನೇ ಶತಮಾನದಲ್ಲಿ ಕಾಗಿಣಾ ದಡದ ಆ ಊರು ರಾಷ್ಟ್ರಕೂಟರ ರಾಜಧಾನಿ, 'ಕವಿರಾಜಮಾರ್ಗ' ಹುಟ್ಟಿದ್ದು ನೃಪತುಂಗನ ಆಸ್ಥಾನದಲ್ಲಿ. ಆ ಊರಿನ ಸುತ್ತಮುತ್ತ ಇವತ್ತು ಬರೆಯುತ್ತಿರುವವರು ಒಂದು ಕವಿತೆ ಓದಬೇಕೆಂದರೆ ಜಿಲ್ಲಾ ಕೇಂದ್ರಕ್ಕೇ ಬರಬೇಕು. ದೊಡ್ಡ ಸಾಹಿತ್ಯ ಸಮ್ಮೇಳನಗಳು ನಮ್ಮ ಕಲಬುರಗಿಗೆ ಬಂದಿವೆ. 1928ರಲ್ಲಿ ಬಿ.ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ, ಆಮೇಲೆ 1949ರಲ್ಲಿ, 1987ರಲ್ಲಿ, ಕೊನೆಗೆ 2020ರ ಫೆಬ್ರವರಿಯಲ್ಲಿ ಎಚ್.ಎಸ್. ವೆಂಕಟೇಶಮೂರ್ತಿಯವರ ಅಧ್ಯಕ್ಷತೆಯಲ್ಲಿ. ನಾವೆಲ್ಲ ಖುಷಿಯಿಂದ ಓಡಾಡಿದ್ದೇವೆ, ಚೀಲಗಟ್ಟಲೆ ಪುಸ್ತಕ ಮಾರಿದ್ದೇವೆ. ಆದರೆ ಒಂದಕ್ಕೂ ಇನ್ನೊಂದಕ್ಕೂ ನಡುವೆ ಎಷ್ಟು ವರ್ಷ ನೋಡಿ. ಬರೆಯುವವರು ಅಷ್ಟು ವರ್ಷ ಕಾಯಲು ಆಗುತ್ತದಾ? ಅವರಿಗೆ ಬೇಕಾದದ್ದು ಪ್ರತಿ ತಿಂಗಳು ಇಪ್ಪತ್ತು ಮೂವತ್ತು ಜನ ಕೂತು ಕಿವಿಗೊಟ್ಟು ಕೇಳುವ ಒಂದು ಜಾಗ.

ಇನ್ನು ಪುಸ್ತಕದ ವಿಷಯ. ನಮ್ಮ ಭಾಗದ ಎಷ್ಟೋ ಕವಿಗಳು ಸ್ವಂತ ದುಡ್ಡಿನಲ್ಲಿ ಪುಸ್ತಕ ಮಾಡುತ್ತಾರೆ. ಬಿಡುಗಡೆ ದಿನ ಒಂದಷ್ಟು ಪ್ರತಿ ಹೋಗುತ್ತವೆ, ಒಂದಷ್ಟು ಗೌರವ ಪ್ರತಿ, ಉಳಿದ ಬಂಡಲ್‌ಗಳು ಮಂಚದ ಕೆಳಗೆ. ಇನ್ಮುಂದೆ ಬಾಗಿಲು ದಾಟಿದ ತಕ್ಷಣ ಕಾಣುವ ಕಪಾಟು ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಬರಹಗಾರರಿಗೆ. ಅಲ್ಲಿದ್ದ ಗೈಡುಗಳು ಬಲಗಡೆ ಗೋಡೆಗೆ ಹೋಗಿವೆ, ಹುಡುಕಬೇಡಿ. ಹತ್ತು ಪ್ರತಿ ತಂದು ಕೊಟ್ಟರೆ ಇಟ್ಟುಕೊಳ್ಳುತ್ತೇವೆ. ಮಾರಿದ್ದರಲ್ಲಿ ನೂರಕ್ಕೆ 25 ಮಳಿಗೆಗೆ, 75 ಬರೆದವರಿಗೆ, ಮರು ತಿಂಗಳು ಹತ್ತನೇ ತಾರೀಖಿನೊಳಗೆ ಫೋನಿಗೇ ದುಡ್ಡು ಬರುತ್ತದೆ. ಆರು ತಿಂಗಳಾದರೂ ಹೋಗದ ಪ್ರತಿ ವಾಪಸ್ ಒಯ್ಯಬಹುದು. ಈ ಕಪಾಟಿನ ಪುಸ್ತಕಗಳ ಮೇಲೆ ಸದಸ್ಯರಿಗೂ ರಿಯಾಯಿತಿ ಇರುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಆ ದುಡ್ಡು ನೇರ ಬರೆದವರ ಕೈಗೆ ಹೋಗುತ್ತದೆ.

ಹೊಸಬರಿಗೆ ಎಲ್ಲಿ ಏನು ಅವಕಾಶ ಇದೆ ಅನ್ನುವುದೇ ಗೊತ್ತಾಗುವುದಿಲ್ಲ, ಗೊತ್ತಾಗುವಷ್ಟರಲ್ಲಿ ಕೊನೆಯ ದಿನ ಮುಗಿದಿರುತ್ತದೆ. ಅದಕ್ಕೆ ಕೌಂಟರ್ ಪಕ್ಕ ಒಂದು ಬೋರ್ಡು ಹಾಕಿದ್ದೇವೆ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ, ಅದಕ್ಕೆ ಹಸ್ತಪ್ರತಿ ಕಳಿಸಬೇಕು. ಗುಲಬರ್ಗಾ ವಿಶ್ವವಿದ್ಯಾಲಯದ ಪ್ರಸಾರಾಂಗ ರಾಜ್ಯೋತ್ಸವದ ಹೊತ್ತಿಗೆ ಪುಸ್ತಕ ಪ್ರಶಸ್ತಿ ಕೊಡುತ್ತದೆ. ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ 35 ವರ್ಷದೊಳಗಿನವರಿಗೆ, 50,000 ರೂಪಾಯಿ. ದೀಪಾವಳಿ ವಿಶೇಷಾಂಕಗಳ ಕಥೆ, ಕವನ ಸ್ಪರ್ಧೆಗಳು ಇದ್ದೇ ಇವೆ. ಇವುಗಳ ಪ್ರಕಟಣೆ ಬಂದ ದಿನವೇ ಬೋರ್ಡಿಗೆ ಹಚ್ಚುತ್ತೇವೆ, ವಾಟ್ಸಾಪ್ ಗುಂಪಿಗೂ ಹಾಕುತ್ತೇವೆ.

ಇನ್ನೊಂದು ಮಾತು. ಐಎಸ್‌ಬಿಎನ್, ಅಂದರೆ ಪ್ರತಿ ಪುಸ್ತಕಕ್ಕೆ ಕೊಡುವ ಗುರುತಿನ ಸಂಖ್ಯೆ, ನಮ್ಮ ದೇಶದಲ್ಲಿ ಉಚಿತವಾಗಿ ಸಿಗುತ್ತದೆ, ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು. ಅದಕ್ಕೆ ಯಾರಾದರೂ ಸಾವಿರಗಟ್ಟಲೆ ಕೇಳಿದರೆ ಕೊಡಬೇಡಿ, ನಮ್ಮ ಹತ್ತಿರ ಬನ್ನಿ, ಕೂತು ಹಾಕಿಕೊಡುತ್ತೇವೆ. ಟೈಪಿಂಗ್ ತೊಂದರೆಯೂ ಅಷ್ಟೇ. ಪ್ರೆಸ್ಸಿನವರು 'ನುಡಿ' ತಂತ್ರಾಂಶದ ಅಕ್ಷರದಲ್ಲಿ ಕೇಳುತ್ತಾರೆ, ಸ್ಪರ್ಧೆಯವರು ಯೂನಿಕೋಡ್‌ನಲ್ಲಿ ಕೇಳುತ್ತಾರೆ, ಬದಲಾಯಿಸಿದಾಗ ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಕೆಟ್ಟಿರುತ್ತವೆ. ಬುಧವಾರ ಮಧ್ಯಾಹ್ನ ಮೂರರಿಂದ ಐದರ ತನಕ ನಮ್ಮ ಕಂಪ್ಯೂಟರ್ ಇದಕ್ಕಾಗಿಯೇ ಬಿಟ್ಟಿದ್ದೇವೆ. ಕೈಬರಹ ತಂದರೂ ಸರಿ, ಜೊತೆಗೆ ಕೂತು ಕರಡು ತಿದ್ದುತ್ತೇವೆ.

ರಿಯಾಯಿತಿ ಇಳಿಸಿದ್ದು ಒಪ್ಪಿಗೆ ಆಗದ ಸದಸ್ಯರು ದಯವಿಟ್ಟು ಸುಮ್ನೆ ಇರಬೇಡಿ, ಬಂದು ಹೇಳಿ. ಆರು ತಿಂಗಳ ಲೆಕ್ಕವನ್ನು ಬೋರ್ಡಿನ ಪಕ್ಕದಲ್ಲೇ ಹಚ್ಚುತ್ತೇವೆ. ಎಷ್ಟು ಉಳಿಯಿತು, ಯಾರಿಗೆ ಎಷ್ಟು ಹೋಯಿತು, ಎಲ್ಲ ಅದರಲ್ಲಿ ಇರುತ್ತದೆ. ಅದನ್ನು ನೋಡಿ ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಮತ್ತೆ ಮಾತಾಡೋಣ.

ಗೋಷ್ಠಿಯಲ್ಲಿ ಓದಬೇಕು ಅನ್ನುವವರು ಮಳಿಗೆಗೆ ಬಂದು ಅಥವಾ ಫೋನ್ ಮಾಡಿ ಹೆಸರು ಬರೆಸಿ, ಬರೆಸಿದ ಸರದಿಯಲ್ಲೇ ಕರೆಯುತ್ತೇವೆ. ಕೇಳುವುದಕ್ಕೆ ಬರುವವರು ಹೆಸರು ಕೊಡಬೇಕಾಗಿಲ್ಲ. ಬೆಳಿಗ್ಗೆ ಸುಸಲಾ ಮಿರ್ಚಿ, ಮಧ್ಯಾಹ್ನ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ರೊಟ್ಟಿ ಮಾಡುವ ಅಕ್ಕನವರಿಗೆ ಶುಕ್ರವಾರವೇ ಲೆಕ್ಕ ಹೇಳಬೇಕು, ಹಾಗಾಗಿ ಊಟಕ್ಕೆ ಇರುವವರು ಗುರುವಾರ ಸಂಜೆಯೊಳಗೆ ಒಂದು ಮಾತು ತಿಳಿಸಿ.

ನಿಮ್ಮ ಪುಸ್ತಕ ಸಹಕಾರಿಯವರು
ಕಲಬುರಗಿ