ಗ್ರೀಕ್ ನಾಟಕಕ್ಕೆ ಗೈಡ್ ಸಾಕೇ?

ಮಾನ್ಯ ಸಂಪಾದಕರೇ,

ಇಂಗ್ಲಿಷ್ ಎಂ.ಎ. ಓದುವ ಮಕ್ಕಳನ್ನು ಗ್ರೀಕ್ ನಾಟಕದ ಬಗ್ಗೆ ಕೇಳಿ ನೋಡಿ. ‘ಹಮಾರ್ಷಿಯ’ (ನಾಯಕನನ್ನು ಕೆಡಿಸುವ ತಪ್ಪು), ‘ಕೆಥಾರ್ಸಿಸ್’ (ನೋಡುವವರ ಮರುಕ, ಭಯ ಹರಿದು ಮನಸ್ಸು ಹಗುರಾಗುವುದು) ಎಂದು ಪಟಪಟ ಹೇಳುತ್ತಾರೆ. ನಾಟಕ ಓದಿದ್ದೀರಾ ಅಂದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. ಗೈಡಿನಲ್ಲಿ ಕಥೆ ಒಂದೆರಡು ಪುಟಕ್ಕೆ ಮುಗಿದಿರುತ್ತದೆ. ಪರೀಕ್ಷೆಗೂ ಅಷ್ಟೇ ಸಾಕು.

ಪ್ರಾಚೀನ ಗ್ರೀಕ್ ನಾಟಕಕಾರ ಸೊಫೊಕ್ಲಿಸನ ‘ಅಂತಿಗೊನೆ’ಯನ್ನೇ ತೆಗೆದುಕೊಳ್ಳಿ. ಒಡಹುಟ್ಟಿದವನ ಹೆಣಕ್ಕೆ ಮಣ್ಣು ಹಾಕಬಾರದೆಂಬ ದೊರೆಯ ಆಜ್ಞೆ, ಅದನ್ನು ಮೀರುವ ಹುಡುಗಿ ಅಂತಿಗೊನೆ. ಇಷ್ಟು ಗೈಡಿನಲ್ಲಿದೆ. ಹೆಣ ಕಾಯುವ ಕಾವಲುಗಾರ ಮಾತ್ರ ಇಲ್ಲ. ಯಾರೋ ಮಣ್ಣು ಹಾಕಿ ಹೋದ ಸುದ್ದಿಯನ್ನು ದೊರೆ ಕ್ರಿಯಾನನಿಗೆ ಮುಟ್ಟಿಸಬೇಕು. ಯಾರು ಹೋಗುವುದು? ಚೀಟಿ ಎತ್ತಿದ ಹಾಗೆ ಆರಿಸುತ್ತಾರೆ, ಪಾಪ, ಇವನ ಪಾಲಿಗೇ ಬರುತ್ತದೆ. ದಾರಿಯುದ್ದಕ್ಕೂ ನಿಂತು ನಿಂತು ಬರುತ್ತಾನೆ. ಹೋದರೆ ಶಿಕ್ಷೆ, ಹೋಗದೆ ಬೇರೆ ಯಾರಾದರೂ ಹೇಳಿಬಿಟ್ಟರೂ ಶಿಕ್ಷೆ. ದೊರೆಯ ಮುಂದೆ ನಿಂತ ಮೇಲೂ ಸುದ್ದಿಗೆ ಬರುವುದಿಲ್ಲ. ನಾನು ಮಾಡಿಲ್ಲ, ಮಾಡಿದವರನ್ನು ನೋಡಿಯೂ ಇಲ್ಲ ಅಂತಲೇ ಶುರುಮಾಡುತ್ತಾನೆ. ಆಮೇಲೆ ಅಂತಿಗೊನೆಯನ್ನು ಹಿಡಿದು ತಂದಾಗ ಅವಳ ಮೇಲೆ ಮರುಕ ಇದೆ, ಆದರೆ ತನ್ನ ಜೀವ ಉಳಿಯಿತಲ್ಲ ಎಂಬ ಖುಷಿಯೇ ಜಾಸ್ತಿ. ಇವನನ್ನು ಬಿಟ್ಟು ಓದಿದರೆ ಆ ಊರಿನಲ್ಲಿ ದೊರೆಯ ಭಯ ಎಷ್ಟಿತ್ತು ಎಂದು ಹೇಗೆ ಗೊತ್ತಾಗಬೇಕು?

ಅನುವಾದ ಓದಿ ಏನು ಪ್ರಯೋಜನ, ಮೂಲವೇ ಬೇಕು ಅನ್ನುವವರೂ ಇದ್ದಾರೆ. ಗ್ರೀಕ್ ಕಲಿಯುವವರು ಕಲಿಯಲಿ, ಸಂತೋಷ. ಆದರೆ ಶೇಕ್ಸ್‌ಪಿಯರ್ ‘ಜೂಲಿಯಸ್ ಸೀಸರ್’ ಬರೆಯಲು ಇಟ್ಟುಕೊಂಡಿದ್ದು ಜೀವನಚರಿತ್ರೆಕಾರ ಪ್ಲುಟಾರ್ಕನ ಗ್ರೀಕ್ ಮೂಲವನ್ನಲ್ಲ, ಥಾಮಸ್ ನಾರ್ತ್ 1579ರಲ್ಲಿ ತಂದ ಇಂಗ್ಲಿಷ್ ಅನುವಾದವನ್ನು. ಆ ನಾರ್ತ್ ಕೂಡ ಅನುವಾದಿಸಿದ್ದು ಫ್ರೆಂಚಿನಿಂದ!

ಕನ್ನಡದಲ್ಲೂ ಗ್ರೀಕ್ ನಾಟಕಗಳು ಇಲ್ಲದೆ ಇಲ್ಲ. ಬಿ.ಎಂ.ಶ್ರೀ ಈಸ್ಕಿಲಸನ ‘ಪಾರಸಿಕರು’ ಕೊಟ್ಟರು, ಸೊಫೊಕ್ಲಿಸನ ‘ಏಜಾಕ್ಸ್’ ಅನ್ನು ಮಹಾಭಾರತಕ್ಕೆ ಒಗ್ಗಿಸಿ ‘ಅಶ್ವತ್ಥಾಮನ್’ ಬರೆದರು. ಲಂಕೇಶ್ ಈಡಿಪಸ್, ಅಂತಿಗೊನೆ ಎರಡನ್ನೂ ಕನ್ನಡಕ್ಕೆ ತಂದರು. ಇಂಗ್ಲಿಷ್ ಪುಸ್ತಕ ತಲೆಗೆ ಹತ್ತದವರು ಲಂಕೇಶರನ್ನು ಪಕ್ಕದಲ್ಲಿಟ್ಟುಕೊಂಡು ಓದಲಿ. ಇಂಗ್ಲಿಷ್ ವಿಭಾಗದಲ್ಲಿ ಕನ್ನಡ ಪುಸ್ತಕವೇ ಎಂಬ ಮಡಿ ಯಾಕೆ? ಅಲ್ಲಿ ಓದಿಸುವ ಇಂಗ್ಲಿಷ್ ಪ್ರತಿಯೂ ಅನುವಾದವೇ ಅಲ್ವಾ?

ಪ್ರಶ್ನೆಪತ್ರಿಕೆ ತಯಾರಿಸುವವರು ಮನಸ್ಸು ಮಾಡಿದರೆ ಮಾತ್ರ ಇದು ಬದಲಾಗುವುದು. ನಾಟಕದ ಹತ್ತು ಸಾಲು ಕೊಟ್ಟು, ಇದನ್ನು ಯಾರು ಯಾರಿಗೆ ಹೇಳಿದರು, ಯಾಕೆ ಹೇಳಿದರು ಎಂದು ಕೇಳಿ. ಗೈಡಿನವರು ಅದಕ್ಕೂ ಉತ್ತರ ಅಚ್ಚು ಹಾಕುತ್ತಾರೆ, ಗೊತ್ತು. ಆ ನೆಪದಲ್ಲಾದರೂ ಸೊಫೊಕ್ಲಿಸನ ಹತ್ತು ಸಾಲು ಗೈಡಿನೊಳಗೆ ಬರುತ್ತದೆ.

– ನಿವೃತ್ತ ಇಂಗ್ಲಿಷ್ ಅಧ್ಯಾಪಕ, ಶಿವಮೊಗ್ಗ